ತೇವ ನೋಡಿ ನೀರು ಬಿಡುವ ಕಿಟ್: ಎರಡು ಟೊಮೆಟೊ ಬೆಳೆ ಆದ ಮೇಲೆ

ಕಿಟ್ ಹಾಕಿದ ಹನ್ನೊಂದನೇ ದಿನ ರಾತ್ರಿ ಫೋನಿನಲ್ಲಿ ಮಣ್ಣಿನ ತೇವ ತೋರಿಸುವ ಎರಡು ಗೆರೆ ನೋಡ್ತಾ ಕೂತಿದ್ದೆ. ಟೊಮೆಟೊ ಸಸಿ ನಾಟಿ ಮಾಡಿ ಎರಡು ವಾರವೂ ಆಗಿರಲಿಲ್ಲ. ಬೇರು ಇನ್ನೂ ಒಂದು ಗೇಣು ಇಳಿದಿರಲಿಲ್ಲ. ಎರಡು ದಿನಕ್ಕೊಮ್ಮೆ ಎರಡು ಗಂಟೆ ಡ್ರಿಪ್ ಬಿಡುವುದು ನಮ್ಮ ಮನೆಯ ರೂಢಿ. ಅವತ್ತೂ ಹಾಗೇ ಬಿಟ್ಟಿದ್ದೆ. ಕಿಟ್ಟನ್ನು ಇನ್ನೂ ವಾಲ್ವಿಗೆ ಜೋಡಿಸಿರಲಿಲ್ಲ, ಸುಮ್ನೆ ನೋಡುವುದಕ್ಕೆ ಇಟ್ಟುಕೊಂಡಿದ್ದೆ.

ನೀರು ಶುರುವಾದ 25 ನಿಮಿಷಕ್ಕೆ 15 ಸೆಂಟಿಮೀಟರ್ ಆಳದ ಸೆನ್ಸರಿನ ಗೆರೆ ಮೇಲೆದ್ದಿತು. ಇದು ಸರಿ, ನೀರು ಬೇರಿಗೆ ಸಿಕ್ಕಿತು. ಒಂದು ಗಂಟೆ ಹತ್ತು ನಿಮಿಷಕ್ಕೆ 40 ಸೆಂಟಿಮೀಟರ್ ಆಳದ ಗೆರೆಯೂ ಏಳತೊಡಗಿತು. ಅಷ್ಟು ಆಳದಲ್ಲಿ ಆಗ ಒಂದು ಎಳೆ ಬೇರೂ ಇಲ್ಲ. ಅಲ್ಲಿಂದಾಚೆ ಬಿಟ್ಟ 50 ನಿಮಿಷದ ನೀರು ಗಿಡವನ್ನು ದಾಟಿ ಕೆಳಗೆ ಹೋಯಿತು. ಲೆಕ್ಕ ಹಾಕಿದೆ. ಅರ್ಧ ಎಕರೆಗೆ 4,200 ಡ್ರಿಪ್ಪರ್, ಒಂದೊಂದು ಗಂಟೆಗೆ 2 ಲೀಟರ್. ಅಂದರೆ 50 ನಿಮಿಷಕ್ಕೆ 7,000 ಲೀಟರ್. ಒಂದು ರಾತ್ರಿಗೆ, ಅರ್ಧ ಎಕರೆಗೆ. ಎಷ್ಟು ವರ್ಷದಿಂದ ಹೀಗೆ ಮಾಡಿದ್ದೀವಿ ಅಂತ ನೆನೆದು ಅವತ್ತು ನನಗೆ ನಿದ್ದೆ ಬರಲಿಲ್ಲ.

ಇದು ಆ ಕಿಟ್ಟಿನ ವಿಮರ್ಶೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಂಥ ಕಿಟ್ ಮಾಡುವವರು ಹಲವರಿದ್ದಾರೆ, ಒಳಗಿರುವುದೂ ಹೆಚ್ಚುಕಡಿಮೆ ಒಂದೇ. ಯಾವುದನ್ನು ತಗೊಂಡರೂ ನಾನು ಹೇಳುವ ವಿಷಯ ನಿಮಗೆ ಎದುರಾಗುತ್ತದೆ. ನಾನು ಎರಡು ಬೆಳೆ ಪೂರ್ತಿ ಬಳಸಿದ್ದೇನೆ. ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಪೆಟ್ಟಿಗೆ ಬಿಚ್ಚಿ, ಸೆನ್ಸರ್ ಚುಚ್ಚಿ, ಗುಂಡಿ ಒತ್ತಿ ಮನೆಗೆ ಹೋಗುವ ವಸ್ತು ಇದಲ್ಲ.

ಪೆಟ್ಟಿಗೆಯಲ್ಲಿ ಬಂದಿದ್ದು ಇಷ್ಟು: ಒಂದು ಕಂಟ್ರೋಲರ್, ಅದಕ್ಕೊಂದು ಪುಟ್ಟ ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿ, ನಾಲ್ಕು ತೇವದ ಸೆನ್ಸರ್, ಎರಡು ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವಂಥದ್ದು), ಹರಿದ ನೀರು ಅಳೆಯುವ ಒಂದು ಫ್ಲೋ ಮೀಟರ್, ಮೋಟಾರಿನ ಸ್ಟಾರ್ಟರಿಗೆ ಜೋಡಿಸುವ ರಿಲೇ ಸ್ವಿಚ್. ಫೋನಿಗೆ ಆ್ಯಪ್. ಡ್ರಿಪ್ ಪೈಪು ನಮ್ಮಲ್ಲಿ ಮೊದಲೇ ಇತ್ತು. ಲ್ಯಾಟರಲ್‌ಗಳ (ಸಾಲಿನುದ್ದಕ್ಕೂ ಹಾಸಿದ ಪೈಪು) ನಡುವೆ 1.2 ಮೀಟರ್, ಡ್ರಿಪ್ಪರ್‌ಗಳ ನಡುವೆ 40 ಸೆಂಟಿಮೀಟರ್. ಜಮೀನು ಒಂದು ಎಕರೆ, ಎರಡು ಭಾಗ. ಮೇಲಿನ ಅರ್ಧ ಮರಳು ಕೂಡಿದ ಕೆಂಪು ಮಣ್ಣು. ಕೆಳಗಿನ ಅರ್ಧ ಜೇಡಿ ಜಾಸ್ತಿ ಇರುವ ಕಪ್ಪು ಮಣ್ಣು. ಈ ಎರಡು ಮಣ್ಣು ಒಂದೇ ಬೇಲಿಯೊಳಗೆ ಇದ್ದುದರಿಂದಲೇ ಕಿಟ್ಟಿನ ಒಳ್ಳೆಯದು ಕೆಟ್ಟದ್ದು ಎರಡೂ ನನಗೆ ಗೊತ್ತಾಯಿತು.

ಮೊದಲು ಸೆನ್ಸರ್ ವಿಷಯ. ಕಿಟ್ಟಿನಲ್ಲಿರುವುದು ಕೆಪಾಸಿಟಿವ್ ಸೆನ್ಸರ್. ಅದು ನೀರನ್ನು ನೇರವಾಗಿ ಅಳೆಯುವುದಿಲ್ಲ. ಮಣ್ಣು ವಿದ್ಯುತ್ ಕ್ಷೇತ್ರವನ್ನು ಎಷ್ಟು ಹಿಡಿದುಕೊಳ್ಳುತ್ತದೆ ಅಂತ ನೋಡುತ್ತದೆ. ಈ ಹಿಡಿತಕ್ಕೆ ಒಂದು ಸಂಖ್ಯೆ ಇದೆ. ಗಾಳಿಗೆ 1, ಒಣ ಮಣ್ಣಿಗೆ 3ರಿಂದ 5, ನೀರಿಗೆ ಸುಮಾರು 80. ಅಷ್ಟು ದೊಡ್ಡ ವ್ಯತ್ಯಾಸ ಇರುವುದರಿಂದ ಸ್ವಲ್ಪ ನೀರು ಸೇರಿದರೂ ಸೆನ್ಸರಿಗೆ ಗೊತ್ತಾಗುತ್ತದೆ. 1980ರಲ್ಲಿ ಕೆನಡಾದ ಮಣ್ಣು ವಿಜ್ಞಾನಿ ಟಾಪ್ ಮತ್ತು ಅವರ ಜೊತೆಗಾರರು ಈ ಸಂಖ್ಯೆಯಿಂದ ತೇವ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಅದು ಸಾಮಾನ್ಯ ಮಣ್ಣಿಗೆ ಚೆನ್ನಾಗಿ ಹೊಂದುತ್ತದೆ. ಜೇಡಿ ಜಾಸ್ತಿ ಆದರೆ ತಪ್ಪುತ್ತದೆ. ಅದಕ್ಕೇ ಆ್ಯಪ್ ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬಾರದು. ನಿಮ್ಮ ಮಣ್ಣಿಗೆ ಅದನ್ನು ಹೊಂದಿಸಿಕೊಳ್ಳಬೇಕು.

ನಾನು ಹೊಂದಿಸಿದ ರೀತಿ ಹೇಳುತ್ತೇನೆ, ಯಾರು ಬೇಕಾದರೂ ಮಾಡಬಹುದು. ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬ ತಗೊಂಡೆ. ಒಳಗೆ 400 ಮಿಲಿಲೀಟರ್ ನೀರು ಹಿಡಿಯುವಷ್ಟು ಜಾಗ. ಸೆನ್ಸರಿನ ಪಕ್ಕದಲ್ಲೇ, ಅದೇ ಆಳದಲ್ಲಿ, ಮಣ್ಣು ಅದುಮಿ ಹೋಗದ ಹಾಗೆ ಮೆಲ್ಲಗೆ ಡಬ್ಬ ಇಳಿಸಿದೆ. ಸುತ್ತ ಅಗೆದು ತೆಗೆದು, ಎರಡೂ ಬದಿ ಚಾಕುವಿನಿಂದ ಸಮ ಮಾಡಿದೆ. ಒಳಗಿನ ಮಣ್ಣು ತೂಗಿದರೆ 665 ಗ್ರಾಂ. ಅದನ್ನು ತಟ್ಟೆಗೆ ಹರಡಿ ಓವನ್ನಿನಲ್ಲಿ 105 ಡಿಗ್ರಿಗೆ 24 ಗಂಟೆ ಇಟ್ಟೆ. ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಮರುದಿನ ತೂಗಿದರೆ 560 ಗ್ರಾಂ. ಹೋದ 105 ಗ್ರಾಮೂ ನೀರು. 400ರಲ್ಲಿ 105 ಅಂದರೆ ಶೇ. 26. ಅದೇ ಹೊತ್ತಿನಲ್ಲಿ ಆ್ಯಪ್ ತೋರಿಸಿದ್ದು ಶೇ. 33!

ಏಳು ಅಂಕಿ ಏನು ಮಹಾ ಅನ್ನಿಸಬಹುದು. ಆದರೆ ಆ ಕೆಂಪು ಮಣ್ಣು ತಾನಾಗಿ ಹಿಡಿದಿಟ್ಟುಕೊಳ್ಳುವುದೇ ಶೇ. 24ರಷ್ಟು. ಚೆನ್ನಾಗಿ ನೀರು ಕುಡಿಸಿ, ಒಂದು ದಿನ ಬಿಟ್ಟು, ಇಳಿಯುವುದೆಲ್ಲ ಇಳಿದ ಮೇಲೆ ಉಳಿಯುವುದು ಅಷ್ಟೇ. ಅದು ಇಳಿದು ಸುಮಾರು ಶೇ. 10ಕ್ಕೆ ಬಂದರೆ ಗಿಡ ಬಾಡಿ ಮತ್ತೆ ಏಳುವುದಿಲ್ಲ. ಅಂದರೆ ಗಿಡಕ್ಕೆ ಸಿಗುವುದು ನಡುವಿನ 14 ಮಾತ್ರ. ಅದರಲ್ಲಿ ಏಳು ತಪ್ಪಾದರೆ ಅರ್ಧಕ್ಕೆ ಅರ್ಧ ತಪ್ಪಾಯಿತು, ಅಲ್ವಾ?

ಇಲ್ಲೇ ಕಿಟ್ಟಿನ ಮೊದಲ ದೊಡ್ಡ ಕೊರತೆ. ಅದು ಬಂದಾಗಲೇ 'ಶೇ. 30ಕ್ಕೆ ಶುರು, 40ಕ್ಕೆ ನಿಲ್ಲು' ಅಂತ ಹೊಂದಿಸಿ ಬಂದಿತ್ತು. ಎಲ್ಲ ಮಣ್ಣಿಗೂ ಅದೇ. ನನ್ನ ಕೆಂಪು ಮಣ್ಣು 40 ಮುಟ್ಟುವುದು ಗುಂಡಿಯಲ್ಲಿ ನೀರು ನಿಂತಾಗ ಮಾತ್ರ. ಹಾಗೇ ಬಿಟ್ಟಿದ್ದರೆ ವಾಲ್ವ್ ಮುಚ್ಚುತ್ತಲೇ ಇರಲಿಲ್ಲ. ಅದೇ ಅಂಕಿ ಕಪ್ಪು ಮಣ್ಣಿಗೆ ತಡವಾಗುತ್ತಿತ್ತು. ಕಪ್ಪು ಮಣ್ಣು ಶೇ. 38 ಹಿಡಿಯುತ್ತದೆ, ಆದರೆ ಅದರಲ್ಲಿ 22ರಷ್ಟನ್ನು ಗಿಡಕ್ಕೆ ಕೊಡದೆ ತಾನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ನೋಡುವುದಕ್ಕೆ ಒದ್ದೆ, ಗಿಡಕ್ಕೆ ಬರ.

ಎಷ್ಟು ಒಣಗಲು ಬಿಡಬಹುದು? ಇದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ತಂದ ನೀರಾವರಿ ಕೈಪಿಡಿಯಲ್ಲಿ ಬೆಳೆವಾರು ಪಟ್ಟಿ ಇದೆ. ಟೊಮೆಟೊಗೆ, ಸಿಗುವ ನೀರಿನಲ್ಲಿ ಶೇ. 40ರಷ್ಟು ಮುಗಿಯುವವರೆಗೆ ಕಾಯಬಹುದು. ಅದರ ಪ್ರಕಾರ ಕೆಂಪು ಮಣ್ಣಿಗೆ 18ರಲ್ಲಿ ಶುರು, ಕಪ್ಪು ಮಣ್ಣಿಗೆ 32ರಲ್ಲಿ ಶುರು ಅಂತ ನಾನು ಹಾಕಿಕೊಂಡೆ. ಅಂಕಿಗಳ ನಡುವೆ ಇರುವ ದೂರ ನೋಡಿ. ಒಂದೇ ಬೆಳೆ, ಒಂದೇ ಬಿಸಿಲು, ಐವತ್ತು ಹೆಜ್ಜೆ ಅಂತರ.

ಸೆನ್ಸರ್ ಎಲ್ಲಿ ಹೂಳಬೇಕು ಅನ್ನುವುದಕ್ಕೆ ಕಿಟ್ಟಿನ ಜೊತೆ ಬಂದ ಹಾಳೆಯಲ್ಲಿ ಒಂದೇ ಸಾಲು ಇತ್ತು: 'ಗಿಡದ ಹತ್ತಿರ ಹೂಳಿ.' ಇದು ಸಾಲದು. ನಾನು ಮೊದಲು ಡ್ರಿಪ್ಪರಿನ ನೇರ ಕೆಳಗೆ ಹೂತೆ. ಅಲ್ಲಿ ಯಾವಾಗಲೂ ಒದ್ದೆ. ಸಾಲಿನ ಉಳಿದ ಮಣ್ಣು ಒಣಗಿದ್ದರೂ ಸೆನ್ಸರ್ ಸಾಕು ಸಾಕು ಅನ್ನುತ್ತಿತ್ತು. ಆಮೇಲೆ ಡ್ರಿಪ್ಪರಿನಿಂದ 12 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿದೆ. ಅಲ್ಲಿ ಅಂಕಿ ಏರುತ್ತದೆ, ಇಳಿಯುತ್ತದೆ, ಗಿಡ ಕುಡಿಯುವುದು ಕಾಣುತ್ತದೆ. ಇನ್ನೊಂದು ಮಾತು. ಸಾಲಿನ ತುದಿಯ ಗಿಡ, ಬದುವಿನ ಪಕ್ಕದ ಗಿಡ, ಪೈಪ್ ಸೋರುವ ಜಾಗ ಇವುಗಳ ಹತ್ತಿರ ಹೂಳಬೇಡಿ. ನಡುವಿನ ಒಂದು ಸಾಧಾರಣ ಗಿಡ ಹುಡುಕಿ. ಹೂಳುವ ಮುಂಚೆ ನಾನು ಒಂದು ಸಂಜೆ ಪೂರ್ತಿ ಸಾಲು ಸಾಲು ತಿರುಗಿದೆ. ಅರ್ಧ ಎಕರೆಯ ಪರವಾಗಿ ಮಾತಾಡುವ ಗಿಡ ಅದು. ಆ ಹೊತ್ತು ದಂಡ ಅಲ್ಲ.

ಕಿಟ್ ಮಾರಿದವರು ನಾಲ್ಕು ಸೆನ್ಸರನ್ನೂ ನಾಲ್ಕು ಜಾಗದಲ್ಲಿ, ಒಂದೇ ಆಳದಲ್ಲಿ ಹಾಕಿ ಅಂದಿದ್ದರು. ನಾನು ಕೇಳಲಿಲ್ಲ. ಒಂದು ಭಾಗಕ್ಕೆ ಎರಡು, ಒಂದು 15 ಸೆಂಟಿಮೀಟರಿಗೆ, ಇನ್ನೊಂದು 40ಕ್ಕೆ. ಮೇಲಿನದು ಯಾವಾಗ ಶುರು ಮಾಡಬೇಕು ಅಂತ ಹೇಳುತ್ತದೆ. ಆಳದ್ದು ಯಾವಾಗ ನಿಲ್ಲಿಸಬೇಕು ಅಂತ ಹೇಳುತ್ತದೆ. ಈ ಕಿಟ್ಟಿನಿಂದ ನನಗೆ ಸಿಕ್ಕ ಅತಿ ದೊಡ್ಡ ಲಾಭ ಆ ಆಳದ ಸೆನ್ಸರ್. ವಾಲ್ವ್ ತಾನಾಗಿ ತೆರೆಯುವುದು ಅನುಕೂಲ, ನಿಜ. ಆದರೆ ಕೈಯಿಂದ ವಾಲ್ವ್ ತಿರುಗಿಸುವವರಿಗೂ ಆಳದ ಸೆನ್ಸರ್ ಇದ್ದರೆ ನೀರು ಉಳಿಯುತ್ತದೆ. ಅದಿಲ್ಲದೆ ಆಟೊಮ್ಯಾಟಿಕ್ ಮಾಡಿದರೆ ತಪ್ಪನ್ನೇ ಯಂತ್ರದ ಕೈಗೆ ಕೊಟ್ಟ ಹಾಗೆ. ನೀರಿನ ಜೊತೆ ಗೊಬ್ಬರವೂ ಇಳಿಯುತ್ತದೆ ಅನ್ನುವುದನ್ನು ಮರೆಯಬೇಡಿ. ನೈಟ್ರೇಟ್ (ಗೊಬ್ಬರದ ಸಾರಜನಕದ ಒಂದು ರೂಪ) ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ಬೇರು ದಾಟಿದ ಮೇಲೆ ಅದು ಬಾವಿಯ ಪಾಲು.

ಇನ್ನು ನನ್ನ ಕಪ್ಪು ಮಣ್ಣಿನಲ್ಲಿ ಆದದ್ದು. ಬರೆಯುವುದಕ್ಕೆ ಕಷ್ಟವೇ, ಆದರೂ ಇದನ್ನು ಓದಿದವರೊಬ್ಬರ ಬೆಳೆ ಉಳಿದರೆ ಸಾಕು.

ಸೆನ್ಸರ್ ಹೂಳಲು ಹಾರೆಯಿಂದ ತೂತು ಮಾಡಿದ್ದೆ. ತೂತು ಸೆನ್ಸರಿಗಿಂತ ಅಗಲವಾಗಿತ್ತು. ಸುತ್ತ ಪುಡಿ ಮಣ್ಣು ತುಂಬಿ ಕಾಲಿನಿಂದ ಒತ್ತಿದೆ. ಮೂರು ವಾರ ಎಲ್ಲ ಸರಿ ಇತ್ತು. ಕಪ್ಪು ಮಣ್ಣು ಒಣಗಿದರೆ ಕುಗ್ಗುತ್ತದೆ, ಬಿರಿಯುತ್ತದೆ. ಎಲ್ಲಿ ಸಡಿಲ ಇದೆಯೋ ಅಲ್ಲೇ ಬಿರಿಯಿತು, ಸೆನ್ಸರಿನ ಮೈಗುಂಟ. ಸೆನ್ಸರಿನ ಒಂದು ಬದಿಗೆ ಮಣ್ಣಿನ ಬದಲು ಗಾಳಿ. ಗಾಳಿಯ ಸಂಖ್ಯೆ 1. ಸೆನ್ಸರಿಗೆ ಮಣ್ಣು ಒಣಗಿ ಹೋಗಿದೆ ಅಂತ ಅನ್ನಿಸಿತು. ವಾಲ್ವ್ ತೆರೆಯಿತು. ನೀರು ಆ ಬಿರುಕಿನಲ್ಲೇ ಕೆಳಗೆ ಇಳಿದು ಹೋಯಿತು, ಸೆನ್ಸರಿಗೆ ತಾಗಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಶುರುವಾದದ್ದು ಬೆಳಗಿನ ನಾಲ್ಕರವರೆಗೂ ನಡೆಯಿತು. ಐದು ಗಂಟೆ, 42,000 ಲೀಟರ್. ಮೈದುನ ಮೋಟಾರಿನ ಸದ್ದು ಕೇಳಿ ಎದ್ದು ಹೋಗಿ ಸ್ಟಾರ್ಟರ್ ಆಫ್ ಮಾಡಿದ. ಬೆಳಿಗ್ಗೆ ನಾನು ಸಾಲಿಗೆ ಕಾಲಿಟ್ಟರೆ ಕಣಕಾಲುವರೆಗೂ ಹೂತು ಹೋಯಿತು. ಟೊಮೆಟೊ ಬೇರು ಉಸಿರಾಡಬೇಕು, ಕೆಸರಿನಲ್ಲಿ ಅದಕ್ಕೆ ಉಸಿರಿಲ್ಲ. ಮೂರನೇ ದಿನ ಎಲೆ ಕೆಳಕ್ಕೆ ಮಡಚಿಕೊಂಡವು, ಆಮೇಲೆ ಹಳದಿಯಾದವು. ಇಳಿಜಾರಿನ ಕೆಳಗಿನ ಮೂವತ್ತಕ್ಕೂ ಜಾಸ್ತಿ ಗಿಡ ಕಿತ್ತು ಹಾಕಬೇಕಾಯಿತು. ಹೂ ಬಂದಿದ್ದ ಗಿಡಗಳು.

ಕಿಟ್ಟಿನಲ್ಲಿ 'ಒಂದು ಸಲಕ್ಕೆ ಗರಿಷ್ಠ ಇಷ್ಟೇ ಹೊತ್ತು' ಅಂತ ಮಿತಿ ಹಾಕುವ ಜಾಗ ಇದೆ. ಆದರೆ ಅದು ಸೆಟ್ಟಿಂಗ್ಸಿನ ನಾಲ್ಕನೇ ಪುಟದಲ್ಲಿದೆ, ಬಂದಾಗ ಖಾಲಿ ಇರುತ್ತದೆ. ಇದು ದೊಡ್ಡ ತಪ್ಪು. ಆ ಮಿತಿ ತುಂಬದೆ ವಾಲ್ವ್ ತೆರೆಯಲೇಬಾರದು, ಹಾಗೆ ಮಾಡಿಕೊಡಿ ಅಂತ ಕಂಪನಿಗೆ ಬರೆದಿದ್ದೇನೆ. ನೀವು ಕಿಟ್ ಹಾಕಿದ ದಿನವೇ ಎರಡು ಮಿತಿ ತುಂಬಿ: ಒಂದು ಸಲಕ್ಕೆ ಎಷ್ಟು ಹೊತ್ತು, ಒಂದು ದಿನಕ್ಕೆ ಎಷ್ಟು ಲೀಟರ್. ನಂದು ಈಗ 45 ನಿಮಿಷ, 14,000 ಲೀಟರ್. ಇದನ್ನು ಮಾಡದೆ ಮಲಗಬೇಡಿ.

ಸೆನ್ಸರ್ ಹೂಳುವ ರೀತಿಯನ್ನೂ ಬದಲಿಸಿದೆ. ಈಗ ಗಿಡದ ಪಕ್ಕ ಒಂದು ಗುಂಡಿ ತೋಡುತ್ತೇನೆ. ಗುಂಡಿಯ ಗೋಡೆಗೆ, ಕದಡದ ಮಣ್ಣಿಗೆ, ಸೆನ್ಸರನ್ನು ಅಡ್ಡಡ್ಡ ಚುಚ್ಚುತ್ತೇನೆ. ಚುಚ್ಚುವ ಮೊದಲು ಅದೇ ಮಣ್ಣನ್ನು ಜರಡಿ ಹಿಡಿದು, ನೀರು ಬೆರೆಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸೆನ್ಸರಿನ ಮೈಗೆ ಬಳಿಯುತ್ತೇನೆ. ಸಂದು ಉಳಿಯುವುದಿಲ್ಲ. ಗುಂಡಿ ಮುಚ್ಚುವಾಗ ತೆಗೆದ ಕ್ರಮದಲ್ಲೇ ಮಣ್ಣು ತುಂಬುತ್ತೇನೆ, ಕೆಳಗಿನದು ಕೆಳಗೆ, ಮೇಲಿನದು ಮೇಲೆ. ಸಾಲಿಗೆ ಒಣ ಹುಲ್ಲಿನ ಹೊದಿಕೆ ಹಾಕಿದ ಮೇಲೆ ಬಿರುಕೂ ಕಡಿಮೆಯಾಯಿತು. ಆಮೇಲೆ ಎರಡನೇ ಬೆಳೆ ಮುಗಿಯುವವರೆಗೂ ಆ ತೊಂದರೆ ಮತ್ತೆ ಬರಲಿಲ್ಲ.

ವಾಲ್ವ್ ಬಗ್ಗೆ. ಇದು ಲ್ಯಾಚಿಂಗ್ ಬಗೆಯದು. ತೆರೆಯುವಾಗ ಒಂದು ಕ್ಷಣ, ಮುಚ್ಚುವಾಗ ಒಂದು ಕ್ಷಣ ಮಾತ್ರ ಕರೆಂಟ್ ಬೇಕು. ಅದಕ್ಕೇ ಅಂಗೈ ಅಗಲದ ಸೋಲಾರ್ ಪ್ಯಾನೆಲ್ ಸಾಕಾಗುತ್ತದೆ. ಮೋಡದ ಆರು ದಿನವೂ ನಡೆಯಿತು. ಆದರೆ ತೆರೆದಿರುವಾಗ ಬ್ಯಾಟರಿ ಸತ್ತರೆ ಅದು ತೆರೆದೇ ಇರುತ್ತದೆ. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಬಂದರೆ ಕಂಟ್ರೋಲರ್ ವಾಲ್ವ್ ಮುಚ್ಚಿ ಸುಮ್ಮನಾಗುತ್ತದೆ ಅನ್ನುವುದು ಈ ಕಿಟ್ಟಿನ ಒಳ್ಳೆಯ ಗುಣ. ಬೇರೆ ಕಿಟ್ ತಗೊಳ್ಳುವವರು ಇದನ್ನು ಕೇಳಿಯೇ ತಗೊಳ್ಳಿ. ಇನ್ನೊಂದು ಒಳ್ಳೆಯದು, ಮೊದಲು ವಾಲ್ವ್ ತೆರೆದು ಹತ್ತು ಸೆಕೆಂಡ್ ಬಿಟ್ಟು ಮೋಟಾರ್ ಹಾಕುತ್ತದೆ. ನಿಲ್ಲಿಸುವಾಗ ಮೊದಲು ಮೋಟಾರ್, ಆಮೇಲೆ ವಾಲ್ವ್. ಈ ಕ್ರಮ ತಪ್ಪಿದರೆ ಮುಚ್ಚಿದ ವಾಲ್ವಿಗೆ ಮೋಟಾರ್ ತಳ್ಳಿ ಪೈಪ್ ಒಡೆಯಬಹುದು.

ಒಂದು ದಿನ ಆ್ಯಪ್ 'ವಾಲ್ವ್ ಮುಚ್ಚಿದೆ, ಆದರೆ ನೀರು ಹರಿಯುತ್ತಿದೆ' ಅಂತ ಕೂಗಿತು. ಹೋಗಿ ನೋಡಿದರೆ ನಿಜ, ಡ್ರಿಪ್ಪರ್ ತೊಟ್ಟಿಕ್ಕುತ್ತಲೇ ಇತ್ತು. ವಾಲ್ವಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಒಳಗೆ ಕಪ್ಪು ರಬ್ಬರಿನ ಡಯಾಫ್ರಾಮ್, ಅದರ ಮೇಲೊಂದು ಸ್ಪ್ರಿಂಗ್. ಡಯಾಫ್ರಾಮಿನ ಅಂಚಿನಲ್ಲಿ ಸೂಜಿ ಹೋಗುವಷ್ಟು ಒಂದು ತೂತು. ಆ ತೂತಿನಿಂದ ನೀರು ಮೇಲಕ್ಕೆ ಹೋಗಿ ತುಂಬಿದರೆ ಮಾತ್ರ ಒತ್ತಡ ಸಮವಾಗಿ ವಾಲ್ವ್ ಮುಚ್ಚುತ್ತದೆ. ಆ ತೂತಿನಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡಿತ್ತು. ಸಾಸಿವೆಗಿಂತ ಸಣ್ಣದು. ಅಷ್ಟಕ್ಕೇ ಅರ್ಧ ಎಕರೆಯ ವಾಲ್ವ್ ಮುಚ್ಚದೆ ನಿಂತಿತ್ತು. ಗುಂಡುಸೂಜಿಯಲ್ಲಿ ತೆಗೆದು, ತೊಳೆದು, ಮುಚ್ಚಿದೆ. ಫಿಲ್ಟರ್ ತೆಗೆದರೆ ಜಾಲರಿ ಒಂದು ಕಡೆ ಹರಿದಿತ್ತು. ಈಗ 120 ಮೆಶ್‌ನ ಹೊಸ ಡಿಸ್ಕ್ ಫಿಲ್ಟರ್ ಇದೆ, ವಾರಕ್ಕೊಮ್ಮೆ ತೊಳೆಯುತ್ತೇವೆ. ಫ್ಲೋ ಮೀಟರ್ ಇಲ್ಲದ ಕಿಟ್ ಸ್ವಲ್ಪ ಕಡಿಮೆಗೆ ಸಿಗುತ್ತದೆ. ಅದನ್ನು ತಗೊಳ್ಳಬೇಡಿ. ವಾಲ್ವ್ ಹೇಳುವುದು ನಿಜವೋ ಸುಳ್ಳೋ ಅಂತ ನೋಡುವುದಕ್ಕೆ ಇರುವುದು ಅದೊಂದೇ.

ಸಂಪರ್ಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆನ್ಸರಿನಿಂದ ಕಂಟ್ರೋಲರಿಗೆ ಲೋರಾ ರೇಡಿಯೊ, ಅಂದರೆ ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಅಂಕಿ ಕಳಿಸುವ ರೇಡಿಯೊ. ಸಸಿ ಚಿಕ್ಕದಿದ್ದಾಗ ಚೆನ್ನಾಗಿತ್ತು. ಗಿಡ ಎದೆಯೆತ್ತರ ಬೆಳೆದಾಗ ಮೂಲೆಯ ಸೆನ್ಸರ್ ಆಗಾಗ ಕಾಣೆಯಾಗುತ್ತಿತ್ತು, ಎಲೆಯಲ್ಲಿರುವ ನೀರು ರೇಡಿಯೊ ಅಲೆಯನ್ನು ಹೀರುತ್ತದೆ. ಆಂಟೆನಾವನ್ನು ಗಳಕ್ಕೆ ಕಟ್ಟಿ ತಲೆಗಿಂತ ಮೇಲೆ ಏರಿಸಿದೆ, ಸರಿಹೋಯಿತು. ವೈರನ್ನು ಇಲಿ ಎರಡು ಸಲ ಕಡಿಯಿತು. ಈಗ ಪೈಪಿನೊಳಗೆ ಹಾಕಿದ್ದೇವೆ. ಫೋನ್ ನೆಟ್‌ವರ್ಕ್ ಹೋದರೂ ಕಂಟ್ರೋಲರ್ ತನ್ನ ಕೆಲಸ ಮಾಡುತ್ತದೆ, ನಾನು ಬೇಕೆಂದೇ ಸಿಮ್ ತೆಗೆದು ಎರಡು ದಿನ ನೋಡಿದೆ. ಆ್ಯಪಿನಲ್ಲಿ 30 ದಿನದ ಹಿಂದಿನ ಅಂಕಿ ಸಿಗುವುದಿಲ್ಲ. ಹಾಗಾಗಿ ದಿನದ ಲೀಟರ್, ಬೆಳಗಿನ ನಾಲ್ಕೂ ಅಂಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಡ್ರಿಪ್ಪಿನಲ್ಲಿ ಗೊಬ್ಬರ ಬಿಟ್ಟ ದಿನ ಅಂಕಿ ಎರಡು ಮೂರು ಜಾಸ್ತಿ ತೋರಿಸುತ್ತದೆ. ಕರಗಿದ ಉಪ್ಪಿನಂಶ ಸೆನ್ಸರಿಗೆ ಗೊಂದಲ ಮಾಡುತ್ತದೆ. ಅವತ್ತಿನ ಅಂಕಿ ನೋಡಿ ಏನನ್ನೂ ಬದಲಿಸಬೇಡಿ, ಎರಡು ದಿನ ಬಿಟ್ಟು ನೋಡಿ.

ನನ್ನ ಅತ್ತೆಗೆ ಈ ಪೆಟ್ಟಿಗೆ ಮೇಲೆ ಮೊದಲು ನಂಬಿಕೆ ಇರಲಿಲ್ಲ. ಎರಡನೇ ಬೆಳೆ ಹೂ ಬಿಟ್ಟ ಹೊತ್ತು, ಒಂದು ಮಧ್ಯಾಹ್ನ ಗಿಡದ ಎಲೆ ಜೋತು ಬಿದ್ದಿದ್ದವು. ಅತ್ತೆ ತೋಟದಿಂದ ನೇರ ನನ್ನ ಹತ್ತಿರ ಬಂದರು.

'ಏನಮ್ಮ ಇದು, ಗಿಡ ಬಾಡ್ತಿದೆ. ನಿನ್ನ ಪೆಟ್ಟಿಗೆ ಇನ್ನೂ ನೀರು ಬಿಡಲ್ಲ ಅಂತ ಕೂತಿದೆಯಲ್ಲ?'

ಫೋನ್ ನೋಡಿದೆ. ಮೇಲಿನ ಸೆನ್ಸರ್ 22. ಶುರುವಾಗಬೇಕಾದ್ದು 18ಕ್ಕೆ.

'ಸಂಜೆವರೆಗೂ ನೋಡೋಣ ಅತ್ತೆ,' ಅಂದೆ. ಒಳಗೆ ನನಗೂ ಭಯವಿತ್ತು. ಹಿಂದಿನ ಬೆಳೆಯಲ್ಲಿ ಸುಳ್ಳು ಹೇಳಿದ ಸೆನ್ಸರನ್ನು ನಾನು ಮರೆತಿರಲಿಲ್ಲ.

ಅತ್ತೆ ಕಾಯಲಿಲ್ಲ. ಗುದ್ದಲಿ ತಗೊಂಡು ಹೋಗಿ ಗಿಡದ ಪಕ್ಕ ಒಂದು ಗೇಣು ಅಗೆದರು. ತಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿದರು. ಕೈ ಬಿಚ್ಚಿದರೆ ಉಂಡೆ ಹಾಗೇ ನಿಂತಿತ್ತು, ಬೆರಳಿನ ಗುರುತು ಸಮೇತ. ಹೆಬ್ಬೆರಳಿನಿಂದ ತಳ್ಳಿದಾಗ ಮೆತ್ತಗೆ ಎರಡು ಹೋಳಾಯಿತು. ಅಂಗೈಯಲ್ಲಿ ಒದ್ದೆಯ ಗುರುತು ಉಳಿಯಿತು, ನೀರು ಒಸರಲಿಲ್ಲ. 'ಹದ ಇದೆ ಬಿಡು, ಬಿಸಿಲಿಗೆ ಸೊರಗಿದೆ ಅಷ್ಟೇ,' ಅಂದರು. ಉರಿಬಿಸಿಲಿನಲ್ಲಿ ಎಲೆ ಕಳೆದುಕೊಳ್ಳುವಷ್ಟು ವೇಗವಾಗಿ ಬೇರು ಎಳೆಯಲಾರದು, ಮಣ್ಣಿನಲ್ಲಿ ನೀರಿದ್ದರೂ ಎಲೆ ಜೋಲುತ್ತದೆ. ಸಂಜೆ ಐದೂವರೆಗೆ ಎಲ್ಲ ಗಿಡವೂ ತಲೆ ಎತ್ತಿ ನಿಂತಿದ್ದವು. ಮೊದಲಿನ ನಾನಾಗಿದ್ದರೆ ಮಧ್ಯಾಹ್ನವೇ ಮೋಟಾರ್ ಹಾಕಿಬಿಡುತ್ತಿದ್ದೆ. ಅವತ್ತಿನಿಂದ ಅತ್ತೆ ವಾರಕ್ಕೊಮ್ಮೆ ಸೆನ್ಸರಿನ ಪಕ್ಕ ಅಗೆದು ಹಿಚುಕಿ ನೋಡುತ್ತಾರೆ, ನಾನು ಅಂಕಿ ಓದುತ್ತೇನೆ. 18ರ ಮಣ್ಣು ಕೈಗೆ ಹೇಗಿರುತ್ತದೆ ಅಂತ ಈಗ ಇಬ್ಬರಿಗೂ ಗೊತ್ತು. ಉಂಡೆ ಆಗುತ್ತದೆ, ಮುಟ್ಟಿದರೆ ಉದುರುತ್ತದೆ. ಕಿಟ್ ಹಾಕುವವರೆಲ್ಲ ಇದನ್ನು ಮಾಡಲೇಬೇಕು. ಸೆನ್ಸರ್ ಕೆಟ್ಟರೆ ಮೊದಲು ಗೊತ್ತಾಗುವುದು ಕೈಗೇ.

ಈಗ ಎಷ್ಟು ಉಳಿಯಿತು ಅನ್ನುವುದು. ಎರಡನೇ ಬೆಳೆಯ ಲೆಕ್ಕ ಕೊಡುತ್ತೇನೆ, ಮೊದಲನೆಯದರಲ್ಲಿ ಅರ್ಧ ಕಲಿಕೆಯೇ ಆಯಿತು. ಕೆಂಪು ಮಣ್ಣಿನ ಅರ್ಧ ಎಕರೆ, 120 ದಿನ. ಹಳೆಯ ರೂಢಿಯಲ್ಲಿ ಎರಡು ದಿನಕ್ಕೆ ಎರಡು ಗಂಟೆ ಅಂದರೆ ಸುಮಾರು 10 ಲಕ್ಷ ಲೀಟರ್. ಆಗ ಮೀಟರ್ ಇರಲಿಲ್ಲ, ಗಂಟೆಯ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಈ ಸಲ ಮೀಟರ್ ತೋರಿಸಿದ್ದು 8 ಲಕ್ಷ. ಐದರಲ್ಲಿ ಒಂದು ಪಾಲು ಉಳಿತಾಯ. ಮಾರುವವರು ಅರ್ಧ ಉಳಿಯುತ್ತದೆ ಅಂತ ಹೇಳಿದ್ದರು. ಅಷ್ಟಿಲ್ಲ. ಮೊದಲೇ ಡ್ರಿಪ್ ಇರುವ ಹೊಲದಲ್ಲಿ ಅಷ್ಟನ್ನು ನಿರೀಕ್ಷಿಸಬೇಡಿ.

ಆದರೆ ಈ ಒಟ್ಟು ಅಂಕಿಗಿಂತ ಒಳಗಿನ ಕಥೆ ನನಗೆ ಮುಖ್ಯ. ಮೊದಲ 30 ದಿನ ನಾವು ಎರಡೂವರೆ ಲಕ್ಷ ಲೀಟರ್ ಕೊಡುತ್ತಿದ್ದೆವು. ಕಿಟ್ ಕೊಟ್ಟಿದ್ದು ಬರೀ 90 ಸಾವಿರ. ಸಸಿಗೆ ಅಷ್ಟೇ ಸಾಕಿತ್ತು. ಕಾಯಿ ದಪ್ಪಗಾಗುವ 40 ದಿನ ಮಾತ್ರ ಲೆಕ್ಕ ತಿರುಗಿತು. ನಮ್ಮ ರೂಢಿಯಲ್ಲಿ ಆಗ ಹೋಗುತ್ತಿದ್ದುದು ಸುಮಾರು 3 ಲಕ್ಷ 36 ಸಾವಿರ, ಕಿಟ್ ಕೊಟ್ಟಿದ್ದು ಸುಮಾರು 3 ಲಕ್ಷ 92 ಸಾವಿರ. ದಿನಕ್ಕೆ ಎರಡು ಸಲ, 35 ನಿಮಿಷದಂತೆ. ಅಂದರೆ ಇಷ್ಟು ವರ್ಷ ನಾವು ಮಗುವಿಗೆ ಹೊಟ್ಟೆ ಬಿರಿಯ ಉಣಿಸಿ, ಬೆಳೆದು ದುಡಿಯುವಾಗ ಅರೆಹೊಟ್ಟೆ ಇಟ್ಟಿದ್ದೆವು. ಕಾಯಿಯ ತಳ ಕಪ್ಪಾಗುವುದು, ಹಣ್ಣು ಸೀಳುವುದು ನಮ್ಮಲ್ಲಿ ಪ್ರತಿ ಸಲ ಇದ್ದದ್ದೇ. ಕ್ಯಾಲ್ಸಿಯಂ ಕಡಿಮೆ ಅಂತ ಸಿಂಪಡಿಸುತ್ತಿದ್ದೆವು. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ನೀರು ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಆದರೆ ಅದು ಕಾಯಿ ತಲುಪುವುದಿಲ್ಲ. ಈ ಸಲ ವಿಂಗಡಿಸುವಾಗ ಹಾಳೆಂದು ಪಕ್ಕಕ್ಕೆ ಹಾಕಿದ ಬುಟ್ಟಿ ಎಷ್ಟು ಹಗುರ ಇತ್ತು ಅಂತ ಎತ್ತಿದವರಿಗೆಲ್ಲ ಗೊತ್ತಾಯಿತು. ನೀರು ಉಳಿಸಲು ತಂದ ಕಿಟ್, ಗಿಡ ಕೇಳಿದಾಗ ಜಾಸ್ತಿ ಕೊಡುವುದನ್ನೂ ಕಲಿಸಿತು. ಇದಕ್ಕೆ ನಾನು ಐದರಲ್ಲಿ ಪೂರ್ತಿ ಐದು ಕೊಡುತ್ತಿದ್ದೆ. ಖಾಲಿ ಬಿಟ್ಟ ಆ ಸಮಯದ ಮಿತಿಗೆ, ಎಲ್ಲ ಮಣ್ಣಿಗೂ ಒಂದೇ ಅಂಕಿ ಹಾಕಿ ಕಳಿಸಿದ್ದಕ್ಕೆ ಒಂದು ಕಳೆದು ನಾಲ್ಕು.

ಈಗಲೇ ಕಿಟ್ ತಗೊಳ್ಳಲು ಆಗದವರಿಗೆ ಒಂದು ಮಾತು. ಟೆನ್ಸಿಯೋಮೀಟರ್ ಅಂತ ಇದೆ. ನೀರು ತುಂಬಿದ ಕೊಳವೆ, ತುದಿಗೆ ಮಡಕೆಯ ಹಾಗೆ ಸಣ್ಣ ಸಣ್ಣ ರಂಧ್ರವಿರುವ ಬಿಳಿ ಸೆರಾಮಿಕ್ ಬಟ್ಟಲು, ಮೇಲೊಂದು ಗೇಜ್. ಮಣ್ಣು ಒಣಗಿದಷ್ಟೂ ಕೊಳವೆಯ ನೀರನ್ನು ಎಳೆಯುತ್ತದೆ, ಗೇಜಿನ ಮುಳ್ಳು ಏರುತ್ತದೆ. ಬೇರು ಎಷ್ಟು ಕಷ್ಟಪಟ್ಟು ನೀರು ಎಳೆಯುತ್ತಿದೆ ಅನ್ನುವುದನ್ನೇ ಅದು ನೇರ ತೋರಿಸುತ್ತದೆ. ಹಾಗಾಗಿ ಡಬ್ಬ, ಓವನ್ ಎಲ್ಲ ಬೇಡ. ಬ್ಯಾಟರಿ ಬೇಡ, ಫೋನ್ ಬೇಡ. ಗೇಜಿನಲ್ಲಿ ಸುಮಾರು 80 ಸೆಂಟಿಬಾರ್ (ಎಳೆತದ ಅಳತೆ) ದಾಟಿದರೆ ಕೊಳವೆಗೆ ಗಾಳಿ ಹೊಕ್ಕು ಕೆಲಸ ನಿಲ್ಲಿಸುತ್ತದೆ, ಮತ್ತೆ ನೀರು ತುಂಬಬೇಕು. ತರಕಾರಿ ಬೆಳೆಯನ್ನು ಅಷ್ಟು ಒಣಗಿಸುವುದೇ ಇಲ್ಲವಲ್ಲ. ಎರಡು ತಗೊಂಡು, ಒಂದು ಗೇಣಿಗೆ ಒಂದು, ಒಂದು ಮೊಳಕ್ಕೆ ಒಂದು ಹೂಳಿ, ಬೆಳಿಗ್ಗೆ ನೋಡಿ ಕೈಯಿಂದ ವಾಲ್ವ್ ತಿರುಗಿಸಿ. ನನಗೆ ಸಿಕ್ಕ ಲಾಭದ ಬಹುಪಾಲು ನಿಮಗೆ ಅದರಲ್ಲೇ ಸಿಗುತ್ತದೆ. ಎರಡು ಕಾಲಿನ ಲೋಹದ ಕಡ್ಡಿಯ ಅಗ್ಗದ ಸೆನ್ಸರ್ ಮಾತ್ರ ತಗೊಳ್ಳಬೇಡಿ. ಮಣ್ಣಿನಲ್ಲಿ ಕರೆಂಟ್ ಹರಿದು ಕಡ್ಡಿ ಕೆಲವೇ ವಾರದಲ್ಲಿ ಸವೆದು ಹೋಗುತ್ತದೆ, ಅದರ ಅಂಕಿ ದಿನದಿಂದ ದಿನಕ್ಕೆ ಜಾರುತ್ತದೆ.

ಮೂರನೇ ಬೆಳೆಗೆ ಕೆಂಪು ಮಣ್ಣಿನಲ್ಲಿ ಮೆಣಸಿನಕಾಯಿ ಸಸಿ ಹಾಕಿದ್ದೇವೆ. ಮೆಣಸಿನ ಗಿಡ ಟೊಮೆಟೊಗಿಂತ ಬೇಗ ಬಳಲುತ್ತದೆ. ಅದಕ್ಕೆ ಶೇ. 30 ಮುಗಿದಾಗಲೇ ನೀರು ಕೊಡಬೇಕು. ಹಾಗಾಗಿ ಶುರುವಾಗುವ ಅಂಕಿಯನ್ನು 18ರಿಂದ 20ಕ್ಕೆ ಏರಿಸಿದೆ. ನಾಟಿ ಮಾಡಿ ಇವತ್ತಿಗೆ ಹದಿನಾರು ದಿನ. ಮೇಲಿನ ಗೆರೆ ಏರಿಳಿಯುತ್ತಿದೆ. ಆಳದ ಗೆರೆ ಹದಿನಾರು ದಿನವೂ ಒಂದೇ ಮಟ್ಟದಲ್ಲಿದೆ, ಒಮ್ಮೆಯೂ ಮೇಲೆದ್ದಿಲ್ಲ.